ಮಗನಿಗೆ ‘ಓಶೀನ್’ ಅಂತ ಹೆಸರಿಟ್ಟದ್ದು ಹೀಗೆ

ನಾನು ಹಾಸನದವಳು, ನಮ್ಮ ಯಜಮಾನರು ಐರ್ಲೆಂಡಿನ ಗಾಲ್ವೇ ಕಡೆಯವರು. ಮನೆ ಡಬ್ಲಿನ್‌ನ ಟ್ಯಾಲಾದಲ್ಲಿ. ಮಗನ ಹೆಸರು ಕೇಳಿದ ಕನ್ನಡದ ಸ್ನೇಹಿತರೆಲ್ಲ, ಇದನ್ನು ಹೇಗೆ ಹುಡುಕಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗು ಹುಟ್ಟಿದ್ದು ರೋಹಿಣಿ ನಕ್ಷತ್ರ, ಮೊದಲನೇ ಪಾದ. ಅಮ್ಮ ಫೋನ್ ಮಾಡಿ, “ಓ ಅಕ್ಷರ ಬಂದಿದೆ ಕಣೇ, ಓಂಕಾರ ಅಂತ ಇಟ್ಬಿಡಿ” ಅಂದರು. ಇವರಿಗೆ ಐರಿಷ್ ಹೆಸರೇ ಆಗಬೇಕು. ನನಗೂ ಆ ಆಸೆ ಇತ್ತು. ಸರಿ, ‘ಓ’ದಿಂದ ಶುರುವಾಗುವ ಐರಿಷ್ ಹೆಸರು ಹುಡುಕೋಣ ಅಂತ ಕೂತೆವು.

ಇಲ್ಲಿ ನಂಬಬೇಕಾದ್ದು ಕಿವಿಯನ್ನು. ಇಂಗ್ಲಿಷಿನ ‘ಇ’ಯಿಂದ ಬರೆದರೂ ಓವೆನ್ ಅಂತಲೇ ಕರೆಯುವ ಹೆಸರು ಎರಡಿವೆ. ಒಂದು ಜಾನ್ ಅನ್ನುವುದರ ಐರಿಷ್ ರೂಪ, ಇನ್ನೊಂದು ಬೇರೆಯದೇ ಹಳೆಯ ಹೆಸರು. ನಡುವೆ ಡಿ, ಎಚ್ ಇಟ್ಟುಕೊಂಡಿರುವ ಮತ್ತೊಂದನ್ನು ಓರಾನ್ ಅನ್ನುತ್ತಾರೆ. ಓಶೀನ್ ಬರೆಯುವುದು ಓ, ಐ, ಎಸ್, ಐ, ಎನ್ ಅಂತ. ಐರಿಷ್‌ನಲ್ಲಿ ಎಸ್ ಪಕ್ಕ ಇ ಅಥವಾ ಐ ಬಂದರೆ ಸಾಮಾನ್ಯವಾಗಿ ಶಕಾರ. ಶಾನ್, ರೋಶೀನ್ ಎಲ್ಲ ಹಾಗೇ ಆದದ್ದು. ಊರಿಂದೂರಿಗೆ ಉಚ್ಚಾರವೂ ಸ್ವಲ್ಪ ಬದಲಾಗುತ್ತದೆ. ದಕ್ಷಿಣದ ಮನ್‌ಸ್ಟರ್ ಕಡೆ ‘ಶೀನ್’ ಮೇಲೆ ಒತ್ತು ಜಾಸ್ತಿ, ಕೆಲವರ ಬಾಯಲ್ಲಿ ಮೊದಲಕ್ಷರ ‘ಉ’ ಆಗಿಬಿಡುತ್ತದೆ. ಅತ್ತೆ ಐರಿಷ್ ಮಾತಾಡುತ್ತಲೇ ಬೆಳೆದವರು. ಅವರ ಬಾಯಿಂದ ಒಂದೊಂದು ಹೆಸರನ್ನೂ ಹೇಳಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಅಮ್ಮನಿಗೆ ಕಳಿಸಿದೆ. ಅಮ್ಮನಿಗೆ ಓವೆನ್ ಯಾಕೋ ಹಿಡಿಸಲಿಲ್ಲ. ಓಶೀನ್ ಮಾತ್ರ ಒಂದೇ ಸಲಕ್ಕೆ ನಾಲಿಗೆ ಮೇಲೆ ಕೂತಿತು.

ಇನ್ನು ಅರ್ಥ. ‘ಓಸ್’ ಅಂದರೆ ಹಳೆಯ ಐರಿಷ್‌ನಲ್ಲಿ ಜಿಂಕೆ, ‘ಈನ್’ ಸೇರಿದರೆ ಪುಟ್ಟ ಜಿಂಕೆ. ಆದರೆ ಅರ್ಥ ಒಂದನ್ನೇ ನೋಡಿ ನಾನು ಒಪ್ಪುತ್ತಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಐರಿಷ್ ಪುರಾಣದ ಓಶೀನ್‌ನ ಕಥೆ. ಓಶೀನ್‌ನ ತಾಯಿ ಸೈವ್‌ಳನ್ನು ಮಾಂತ್ರಿಕನೊಬ್ಬ ಹೆಣ್ಣು ಜಿಂಕೆ ಮಾಡಿಬಿಟ್ಟಿರುತ್ತಾನೆ. ತಂದೆ ಫಿನ್ ಮಕೂಲ್, ಫಿಯಾನ ಎಂಬ ವೀರರ ಪಡೆಯ ನಾಯಕ. ಅವನಿಗೆ ಮಗ ಸಿಕ್ಕಿದ್ದು ಸ್ಲೈಗೋದ ಬೆನ್ ಬಲ್ಬೆನ್ ಬೆಟ್ಟದಲ್ಲಿ. ಈ ಹುಡುಗ ಬೆಳೆದು ವೀರನೂ ಆದ, ಕವಿಯೂ ಆದ. ನೀವ್ ಎಂಬ ಚೆಲುವೆಯ ಜೊತೆ ಬಿಳಿ ಕುದುರೆ ಏರಿ, ಮುಪ್ಪೇ ಇಲ್ಲದ ನಾಡಾದ ಟೀರ್ ನ ನೋಗ್‌ಗೆ ಹೋದ. ಊರಿನ ನೆನಪು ಕಾಡಿ ವಾಪಸ್ ಬರುವಾಗ ಇಲ್ಲಿ 300 ವರ್ಷ ಕಳೆದಿತ್ತು. ಕುದುರೆಯಿಂದ ಇಳಿಯಬೇಡ ಅಂತ ನೀವ್ ಹೇಳಿಯೇ ಕಳಿಸಿದ್ದಳು. ದಾರಿಯಲ್ಲಿ ಒಂದಷ್ಟು ಜನ ದೊಡ್ಡ ಕಲ್ಲು ಎತ್ತಲಾರದೆ ಒದ್ದಾಡುತ್ತಿದ್ದರು. ಸಹಾಯಕ್ಕೆ ಅಂತ ಇವನು ಬಗ್ಗಿದ. ಜೀನಿನ ಪಟ್ಟಿ ಹರಿಯಿತು. ನೆಲ ಮುಟ್ಟಿದ್ದೇ ತಡ, ಹಣ್ಣು ಹಣ್ಣು ಮುದುಕ.

ಅವನು ಬಿದ್ದ ಜಾಗ ಗ್ಲೆನಸ್ಮೋಲ್ ಕಣಿವೆ ಅಂತ ಹೇಳುತ್ತಾರೆ. ನಮ್ಮ ಮನೆಯಿಂದ ತೀರಾ ಹತ್ತಿರ. ಬೊಹರ್ನಬ್ರೀನಾ ಜಲಾಶಯದ ದಂಡೆಯಲ್ಲಿ ನಾವು ವಾರವಾರ ನಡೆದಾಡುತ್ತಿದ್ದುದು ಇದೇ ಕಣಿವೆಯಲ್ಲಿ! ಇದು ಗೊತ್ತಾದ ಮೇಲೆ ನಾನು ಬೇರೆ ಹೆಸರು ನೋಡಲಿಲ್ಲ.

ಅಂಥ ಕಥೆಗಳು ಬೇಕಿದ್ದರೆ ದೂಕಸ್ ಎಂಬ ಜಾಲತಾಣ ಇದೆ. 1937ರಿಂದ 39ರವರೆಗೆ ಶಾಲೆಯ ಮಕ್ಕಳು ತಮ್ಮೂರಿನ ಹಿರಿಯರಿಂದ ಕೇಳಿ ಬರೆದುಕೊಂಡ ಕಥೆಗಳು ಅಲ್ಲಿ ಅವರದೇ ಕೈಬರಹದಲ್ಲಿವೆ. ಓದಲು ದುಡ್ಡು ಕೊಡಬೇಕಿಲ್ಲ. ಹೆಸರುಗಳ ಪಟ್ಟಿ ಓದುವುದಕ್ಕಿಂತ ಇದು ಎಷ್ಟೋ ಮೇಲು.

ಈ ಹೆಸರು ದೇಶವನ್ನೂ ದಾಟಿತ್ತು. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕ್‌ಫರ್ಸನ್, ‘ಆಸಿಯನ್’ ಎಂಬ ಪ್ರಾಚೀನ ಕವಿಯ ಕಾವ್ಯ ಇದು ಅಂತ ಪುಸ್ತಕ ತಂದ. ಆಸಿಯನ್ ಅಂದರೆ ನಮ್ಮ ಓಶೀನನೇ. ಬಹುಪಾಲು ಮ್ಯಾಕ್‌ಫರ್ಸನ್ನೇ ಬರೆದದ್ದು ಅಂತ ದೊಡ್ಡ ಜಗಳ ನಡೆಯಿತು, ಆದರೂ ಯೂರೋಪು ಅದನ್ನು ಮುಗಿಬಿದ್ದು ಓದಿತು. ನೆಪೋಲಿಯನ್‌ಗೆ ಅದು ಅಚ್ಚುಮೆಚ್ಚು. ಕಥೆಯಲ್ಲಿ ಓಶೀನ್‌ನ ಮಗ ಆಸ್ಕರ್. ನೆಪೋಲಿಯನ್ ಧರ್ಮಪಿತನಾಗಿದ್ದ ಕೂಸಿಗೆ 1799ರಲ್ಲಿ ಅದೇ ಹೆಸರು ಬಂತು. ಆ ಕೂಸೇ ಮುಂದೆ ಸ್ವೀಡನ್ನಿನ ದೊರೆ ಒಂದನೇ ಆಸ್ಕರ್. 1854ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಆಸ್ಕರ್ ವೈಲ್ಡ್‌ನ ಪೂರ್ತಿ ಹೆಸರಿನಲ್ಲಿ ‘ಫಿಂಗಲ್’ ಅಂತಲೂ ಇದೆ. ಅದು ಮ್ಯಾಕ್‌ಫರ್ಸನ್ ಫಿನ್‌ಗೆ ಕೊಟ್ಟ ಹೆಸರು.

ಜನಪ್ರಿಯತೆ ನೋಡಲು ಇಲ್ಲಿನ ಕೇಂದ್ರ ಅಂಕಿಅಂಶ ಕಚೇರಿಯ ತಾಣ ಸಾಕು. 1964ರಿಂದೀಚೆಗಿನ ಹೆಸರುಗಳು ವರ್ಷವಾರು ಸಿಗುತ್ತವೆ. ಜ್ಯಾಕ್ ಎಂಬುದು 2007ರಿಂದ ವರ್ಷಗಟ್ಟಲೆ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ, 2016ರಲ್ಲಿ ಮಾತ್ರ ಜೇಮ್ಸ್ ಮುಂದೆ ಬಂತು. ಓಶೀನ್ ಈಚೆಗೆ ಮೊದಲ 20ರೊಳಗೆ ಇರುತ್ತದೆ. ತರಗತಿಯಲ್ಲಿ ಇನ್ನೊಬ್ಬ ಓಶೀನ್ ಇರಬಹುದು, ಇರಲಿ ಬಿಡಿ. ಇಲ್ಲಿನ ಟೀಚರಿಗೆ ಕಾಗುಣಿತ ಹೇಳಿಕೊಡುವ ಕೆಲಸವಂತೂ ಇಲ್ಲ, ಅಲ್ವಾ?

ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಹೆಸರು ಬರೆದದ್ದು ಕನ್ನಡದಲ್ಲಿ. ಮೂರೇ ಅಕ್ಷರ: ಓ, ಶೀ, ನ್. ಆಮೇಲೆ ಜನನ ನೋಂದಣಿ. ಮಗು ಹುಟ್ಟಿ ಮೂರು ತಿಂಗಳೊಳಗೆ ಮಾಡಿಸಬೇಕು. ಎರಡನೇ ಐ ಮೇಲೆ ಓರೆಗೆರೆ ಬರುತ್ತದೆ, ಅದಕ್ಕೆ ಫಾಡ ಅನ್ನುತ್ತಾರೆ. ಸ್ವರ ಎಳೆಯಬೇಕು ಅಂತ ತೋರಿಸುವ ಗುರುತು ಅದು, ನಮ್ಮ ದೀರ್ಘದ ಹಾಗೆ. ಅರ್ಜಿ ತುಂಬುವಾಗ ಅದನ್ನು ಹಾಕಿ, ಮುದ್ರಿಸಿ ಕೊಟ್ಟ ಪ್ರತಿಯಲ್ಲೂ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ಒಂದು ಕಚೇರಿಯಿಂದ ಫಾಡ ಇಲ್ಲದೆ ಕಾಗದ ಬಂದಾಗ ನಾವು ಸುಮ್ನೆ ಬಿಡಲಿಲ್ಲ. ಜನನ ಪ್ರಮಾಣಪತ್ರದ ಪ್ರತಿ ಇಟ್ಟು ಬರೆದೆವು, ತಿದ್ದಿಕೊಟ್ಟರು.