ಸುಳ್ಳು ಅಂತ ಗೊತ್ತಾದರೆ ಸಾಲದು, ಸಾಲು ತೋರಿಸಬೇಕು: ಕೋರ್ಟ್ ಗೇಮ್‌ಗಳ ಜೊತೆ ನನ್ನ ಅನುಭವ

ಕೈಯಲ್ಲಿ ಹಿಡಿದು ಆಡುವ ಗೇಮ್‌ಗಳಲ್ಲಿ ನಾನು ಕೊನೆಯವರೆಗೂ ಆಡಿ ಮುಗಿಸಿದ್ದು ಒಂದೇ ಬಗೆಯವು, ಕೋರ್ಟ್ ಕತೆಯವು. 'ಏಸ್ ಅಟಾರ್ನಿ' ಸರಣಿ. ಇದರಲ್ಲಿ ಓಡುವುದು, ಗುಂಡು ಹಾರಿಸುವುದು ಯಾವುದೂ ಇಲ್ಲ. ಓದಬೇಕು, ಸಾಕ್ಷಿ ಏನು ಹೇಳಿದ ಅಂತ ಗಮನಿಸಬೇಕು, ಎಲ್ಲಿ ಹೊಂದುತ್ತಿಲ್ಲ ಅಂತ ಹುಡುಕಬೇಕು. ನಾನು ತೀರ್ಥಹಳ್ಳಿಯ ಕಡೆಯವಳು, ಜೂನಿಯರ್ ವಕೀಲೆ, ಕೆಲಸಕ್ಕೆ ಆಗಾಗ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ. ಮಂಡಗದ್ದೆಯ ಹಿಂದೆ ಮುಂದೆ ಕಾಡಿನಲ್ಲಿ ಮೊಬೈಲ್ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೆಟ್ ಬೇಡದ, ಶಿವಮೊಗ್ಗಕ್ಕೆ ಮೊದಲು ಸಿಗುವ ಗಾಜನೂರು ಬಂದ ಕೂಡಲೇ ಮುಚ್ಚಿ ಚೀಲಕ್ಕೆ ಹಾಕಬಹುದಾದ ಏನಾದರೂ ಬೇಕಿತ್ತು. ಅಣ್ಣ ಹೊರದೇಶದಿಂದ ಬರುವಾಗ ತಂದ ನಿಂಟೆಂಡೊ ಕಂಪನಿಯ ಹಳೆ ಗೇಮ್ ಯಂತ್ರ ಡಿಎಸ್‌ನಲ್ಲಿ ಶುರುವಾಯಿತು, ಈಗ ಫೋನಿನಲ್ಲಿ ಮುಂದುವರಿದಿದೆ. ಈ ಆಟಗಳ ಮೇಲೆ ನನಗೆ ಪ್ರೀತಿ ಇದೆ, ಸಿಟ್ಟೂ ಇದೆ, ಮತ್ತು ಎರಡಕ್ಕೂ ಕಾರಣ ಒಂದೇ ಅನ್ನುವುದು ನನಗೆ ನಿಧಾನಕ್ಕೆ ಗೊತ್ತಾಯಿತು.

ಮೊದಲ ಆಟ ಬಂದಿದ್ದು 2001ರ ಅಕ್ಟೋಬರ್‌ನಲ್ಲಿ, ಜಪಾನಿನಲ್ಲಿ, ಡಿಎಸ್‌ಗಿಂತ ಮೊದಲಿನ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ಗೆ. ಕ್ಯಾಪ್‌ಕಾಮ್ ಕಂಪನಿಯ ಶು ತಕುಮಿ ಒಂದು ಪುಟ್ಟ ತಂಡದ ಜೊತೆ ಸೇರಿ ಮಾಡಿದ್ದು. ಇಂಗ್ಲಿಷಿನಲ್ಲಿ ಸಿಕ್ಕಿದ್ದು 2005ರಲ್ಲಿ, ಡಿಎಸ್‌ಗೆ ಬಂದಾಗ. ನೀವು ಫೀನಿಕ್ಸ್ ರೈಟ್ ಎನ್ನುವ ಹೊಸ ವಕೀಲ. ನಿಮ್ಮ ಕಕ್ಷಿದಾರನ ಮೇಲೆ ಕೊಲೆ ಆರೋಪ. ಸಾಕ್ಷಿ ಬಂದು ನಾಲ್ಕೈದು ವಾಕ್ಯ ಹೇಳುತ್ತಾನೆ. ಆಮೇಲೆ ಪಾಟೀಸವಾಲು: ಒಂದೊಂದು ವಾಕ್ಯದ ಹತ್ತಿರವೂ ನಿಂತು 'ಇನ್ನಷ್ಟು ಹೇಳು' ಅಂತ ಒತ್ತಬಹುದು, ಇಲ್ಲವೇ ನಿಮ್ಮ ಹತ್ತಿರ ಇರುವ ದಾಖಲೆಯೊಂದನ್ನು ತೆಗೆದು 'ಅಬ್ಜೆಕ್ಷನ್!' ಅಂತ ಮುಂದಿಡಬಹುದು. ಸರಿಯಾದ ವಾಕ್ಯಕ್ಕೆ ಸರಿಯಾದ ದಾಖಲೆ ಇಟ್ಟರೆ ಹಿನ್ನೆಲೆಯ ಸಂಗೀತ ಪಟ್ಟಂತ ನಿಲ್ಲುತ್ತದೆ. ಆ ನಿಶ್ಶಬ್ದದ ಸುಖಕ್ಕೇ ನಾನು ಎಷ್ಟೋ ರಾತ್ರಿ ನಿದ್ದೆ ಬಿಟ್ಟಿದ್ದೇನೆ.

ಮೊದಲ ಪ್ರಕರಣದ ಗುಟ್ಟು ಹೇಳಿದರೆ ಏನೂ ತೊಂದರೆ ಇಲ್ಲ, ಕೊಂದವನ ಮುಖವನ್ನು ಆಟವೇ ಶುರುವಿನಲ್ಲಿ ತೋರಿಸಿಬಿಡುತ್ತದೆ. ಒಂದು ಮಳೆಗಾಲದ ರಾತ್ರಿ ಅದನ್ನು ನಾನು ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಆಡಿದೆ. ಎಲ್ಲೋ ಮರ ಬಿದ್ದು ಕರೆಂಟ್ ಹೋಗಿತ್ತು, ನಮ್ಮ ಕಡೆ ಜುಲೈನಲ್ಲಿ ಅದೇನೂ ಸುದ್ದಿ ಅಲ್ಲ, ಡಿಎಸ್‌ನಲ್ಲಿ ಚಾರ್ಜ್ ಇತ್ತು. ಕೊಂದವನೇ ಸಾಕ್ಷಿಯಾಗಿ ಬಂದು ಹೇಳುತ್ತಾನೆ: ನಾನು ಹೆಣ ನೋಡಿದ್ದು ಮಧ್ಯಾಹ್ನ ಒಂದು ಗಂಟೆಗೆ. ಮರಣೋತ್ತರ ವರದಿಯಲ್ಲಿ ಸಾವು ಆಗಿದ್ದೇ ನಾಲ್ಕು ಗಂಟೆಯ ಮೇಲೆ. ಅದನ್ನು ತೋರಿಸಿದರೆ ಸಾಕ್ಷಿ ಮಾತು ತಿರುಗಿಸುತ್ತಾನೆ, ಒಳಗೆ ಟಿವಿ ನಡೀತಾ ಇತ್ತು, ಅದರಲ್ಲಿ ಗಂಟೆ ಹೇಳಿದ್ದು ಕೇಳಿಸಿತು ಅಂತ. ನನ್ನ ಕೈಯಲ್ಲಿ ಆ ಕಟ್ಟಡದಲ್ಲಿ ಆ ಹೊತ್ತಿಗೆ ಕರೆಂಟ್ ಇರಲಿಲ್ಲ ಅನ್ನುವ ಕಾಗದ ಇತ್ತು. ನಾನು ಅದನ್ನು ದೊಡ್ಡಮ್ಮನಿಗೆ ಓದಿ ಮುಗಿಸುವ ಮೊದಲೇ ಅವರು ಕೇಳಿದರು:

"ಕರೆಂಟೇ ಇಲ್ದೆ ಟಿವಿ ಹ್ಯಾಗೆ ನಡೀತು ಮಾರಾಯ್ತಿ? ಅವ ಸುಳ್ಳು ಹೇಳ್ತಿದಾನೆ!"

ಮಲೆನಾಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಆಟ ಅಲ್ಲಿಗೆ ಬಿಡುವುದಿಲ್ಲ. ಟಿವಿ ಅಲ್ಲ, ಗಡಿಯಾರ ಅಂತಾನೆ ಸಾಕ್ಷಿ. ಆದರೆ ಮನೆಯಲ್ಲಿ ಗಡಿಯಾರವೇ ಕಾಣುವುದಿಲ್ಲ, ಇರುವುದು ಒಂದು ಗೊಂಬೆ, ಕೊಲೆಗೆ ಬಳಸಿದ ಮುದ್ದೆಮಾಲು. ಅದರ ಹೊಟ್ಟೆಯಲ್ಲಿ ಗಂಟೆ ಹೇಳುವ ಗಡಿಯಾರ ಅಡಗಿದೆ, ಕೈಗೆತ್ತಿಕೊಂಡವನಿಗೆ ಮಾತ್ರ ಅದು ಕೇಳಿಸಲು ಸಾಧ್ಯ. ಸತ್ತವಳು ಹಿಂದಿನ ದಿನವಷ್ಟೇ ಪ್ಯಾರಿಸ್‌ನಿಂದ ಬಂದಿದ್ದಳು, ಅವಳ ಪಾಸ್‌ಪೋರ್ಟ್ ಅದನ್ನು ಹೇಳುತ್ತದೆ. ಪ್ಯಾರಿಸ್ ಒಂಬತ್ತು ಗಂಟೆ ಮುಂದೆ, ಗಡಿಯಾರ ಇನ್ನೂ ಅಲ್ಲಿನ ಹೊತ್ತಿನಲ್ಲೇ ಇತ್ತು, ಹಾಗಾಗಿ ಸಂಜೆ ನಾಲ್ಕಕ್ಕೆ ಅದು ಒಂದು ಅಂದಿತು. ಇಷ್ಟು ಚಿಕ್ಕ ಪ್ರಕರಣದಲ್ಲಿ ಎಷ್ಟು ಅಚ್ಚುಕಟ್ಟು ನೋಡಿ! ಒಂದು ಸುಳ್ಳು ಬಿದ್ದಾಗ ಅದನ್ನು ಮುಚ್ಚಲು ಹೇಳಿದ ಮುಂದಿನ ಮಾತೇ ಅವನನ್ನು ಕೊಲೆ ನಡೆದ ಜಾಗದ ಒಳಗೆ ತಂದು ನಿಲ್ಲಿಸುತ್ತದೆ.

ಇನ್ನು ಸಿಟ್ಟಿನ ವಿಷಯ.

ದೊಡ್ಡಮ್ಮ 'ಅವ ಸುಳ್ಳು ಹೇಳ್ತಿದಾನೆ' ಅಂದಿದ್ದು ಸರಿ. ಆದರೆ ಆಟಕ್ಕೆ ಅದು ಸಾಲುವುದಿಲ್ಲ. ಅವನು ಸುಳ್ಳ ಅಂತ ಅದಕ್ಕೆ ಮೊದಲೇ ಗೊತ್ತು. ಯಾವ ವಾಕ್ಯದಲ್ಲಿ, ಯಾವ ಕಾಗದದಿಂದ, ಇದೇ ಕ್ಷಣದಲ್ಲಿ ಅಂತ ಕೇಳುತ್ತದೆ. ಒಂದು ವಾಕ್ಯ ಹಿಂದೆ ಮುಂದೆ ಆದರೂ ದಂಡ. ಮೊದಲ ಆಟದಲ್ಲಿ ಐದು ಆಶ್ಚರ್ಯಚಿಹ್ನೆ ಇರುತ್ತವೆ, ತಪ್ಪಿದಾಗಲೆಲ್ಲ ಒಂದೊಂದು ಹೋಗುತ್ತದೆ, ಐದೂ ಹೋದರೆ ಕಕ್ಷಿದಾರನಿಗೆ ಶಿಕ್ಷೆ. ಕತೆ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಪೂರ್ತಿ ಹೊಳೆದಿರುತ್ತದೆ, ಕೊಂದವರು ಯಾರು, ಹೇಗೆ ಅಂತ ತಲೆಯಲ್ಲಿ ಸಿದ್ಧವಾಗಿರುತ್ತದೆ, ಆದರೆ ಆಟ ಇನ್ನೂ ಮೂರು ಮೆಟ್ಟಿಲು ಕೆಳಗೆ ನಿಂತು 'ಕಿಟಕಿ ತೆರೆದಿತ್ತೋ ಮುಚ್ಚಿತ್ತೋ' ಅನ್ನುವಲ್ಲೇ ಇರುತ್ತದೆ, ಮತ್ತು ಮುಂದಿನದನ್ನು ಈಗಲೇ ಸಾಬೀತು ಮಾಡುವ ಕಾಗದ ಇಟ್ಟರೆ ನ್ಯಾಯಾಧೀಶರು ತಲೆ ಅಲ್ಲಾಡಿಸುತ್ತಾರೆ. ಬುದ್ಧಿ ಜಾಸ್ತಿ ಓಡಿಸಿದ್ದಕ್ಕೆ ದಂಡ! ಇನ್ನು ಕೆಲವು ಕಡೆ ಎರಡು ದಾಖಲೆ ಒಂದೇ ವಿಷಯ ಹೇಳುತ್ತವೆ. ಫೋಟೊದಲ್ಲೂ ಇದೆ, ವರದಿಯಲ್ಲೂ ಇದೆ. ಆಟ ಒಮ್ಮೊಮ್ಮೆ ಎರಡನ್ನೂ ಒಪ್ಪುತ್ತದೆ, ಒಮ್ಮೊಮ್ಮೆ ಬರೆದವರ ಮನಸ್ಸಿನಲ್ಲಿದ್ದ ಒಂದನ್ನೇ ಕೇಳುತ್ತದೆ. ಇದನ್ನು ನಾನು ಈಗಲೂ ನ್ಯಾಯ ಅಂತ ಒಪ್ಪುವುದಿಲ್ಲ.

ಆದರೆ ಮೊದಲನೆಯ ಸಿಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದ್ದು ನಿಜವಾದ ಕೋರ್ಟಿನಲ್ಲಿ. ಸಾಕ್ಷಿ ಪೊಲೀಸರ ಮುಂದೆ ಒಂದು ಹೇಳಿ ಕೋರ್ಟಿನಲ್ಲಿ ಇನ್ನೊಂದು ಹೇಳಿದರೆ, ಸುಮ್ನೆ 'ನೀವು ಸುಳ್ಳು ಹೇಳುತ್ತಿದ್ದೀರಿ' ಅಂದರೆ ಏನೂ ಸಿಗುವುದಿಲ್ಲ. ಅವರು ಸರಿಯಲ್ಲ ಅಂತಾರೆ, ಹೇಳಿಕೆಯಲ್ಲಿ 'ಎಂದರೆ ಸರಿಯಲ್ಲ' ಅಂತ ದಾಖಲಾಗುತ್ತದೆ, ಅಲ್ಲಿಗೆ ಮುಗಿಯಿತು. ಹಿಂದಿನ ಬರಹದ ಹೇಳಿಕೆಯಿಂದ ಸಾಕ್ಷಿಯನ್ನು ಅಲ್ಲಗಳೆಯಬೇಕಾದರೆ ಅದರ ಯಾವ ಭಾಗ ಅಂತ ಅವರ ಗಮನಕ್ಕೆ ತಂದೇ ಕೇಳಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 145ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 148. ನಮ್ಮ ಸೀನಿಯರ್ ಸಾರ್ ಫೈಲ್ ಮೇಲೆ ಬೆರಳಿಟ್ಟು ಹೇಳುತ್ತಾರೆ, "ಇಡೀ ಹೇಳಿಕೆ ತೋರಿಸ್ಬೇಡಮ್ಮ, ಆ ಸಾಲು ತೋರಿಸು." ಆಟ ಕೇಳುತ್ತಿದ್ದುದು ಇದನ್ನೇ ಅಲ್ವಾ? ನನಗೆ ಹಟ ಅನ್ನಿಸಿದ್ದು ಆಟದ ಬೆನ್ನೆಲುಬೇ ಆಗಿತ್ತು.

ಎಲ್ಲವೂ ನಿಜದ ಹಾಗಿಲ್ಲ, ಅದನ್ನೂ ಹೇಳಬೇಕು. ಆಟದಲ್ಲಿ ಪ್ರತಿ ವಾಕ್ಯವನ್ನೂ ಒತ್ತಿ ಕೇಳುವುದೇ ಒಳ್ಳೆಯದು, ಬಹಳ ಕಡೆ ಅದಕ್ಕೆ ದಂಡ ಇಲ್ಲ. ನಿಜವಾದ ಪಾಟೀಸವಾಲಿನಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಎದುರು ಪಕ್ಷದ ತೂತನ್ನು ನೀವೇ ಮುಚ್ಚಿಕೊಟ್ಟ ಹಾಗೆ. ಆಟದ ಲೋಕದಲ್ಲಿ ವಿಚಾರಣೆ ಮೂರೇ ದಿನದಲ್ಲಿ ಮುಗಿಯಬೇಕು. ಅದಕ್ಕಿಂತ ದೊಡ್ಡ ವ್ಯತ್ಯಾಸ, ಅಲ್ಲಿ ಕಕ್ಷಿದಾರ ಕೊಂದಿಲ್ಲ ಅಂತ ಸಂಶಯ ಹುಟ್ಟಿಸಿದರೆ ಸಾಲದು, ಕೊಂದವರು ಯಾರು ಅಂತ ನೀವೇ ಹಿಡಿದು ಕೊಡಬೇಕು. ನಮ್ಮಲ್ಲಿ ಸಾಬೀತು ಮಾಡುವ ಹೊರೆ ಪ್ರಾಸಿಕ್ಯೂಷನ್ ಮೇಲೆ. ಜಪಾನಿನಲ್ಲೂ ಕಾನೂನು ಹೇಳುವುದು ಅದನ್ನೇ, ಆದರೆ ಅಲ್ಲಿ ವಿಚಾರಣೆಗೆ ಬಂದ ಕ್ರಿಮಿನಲ್ ಕೇಸುಗಳಲ್ಲಿ ಶೇ 99ಕ್ಕೂ ಹೆಚ್ಚು ಶಿಕ್ಷೆಯಲ್ಲಿ ಮುಗಿಯುತ್ತವೆ. ಇದು ಗೊತ್ತಾದ ಮೇಲೆ ಆಟದಲ್ಲಿ ಎಲ್ಲರೂ ಆರೋಪಿಯನ್ನು ಅಪರಾಧಿ ಅಂತಲೇ ನೋಡುವುದು ನನಗೆ ಬೇರೆ ಥರ ಕಾಣಿಸತೊಡಗಿತು. ನಗಿಸುವ ಆಟದ ಅಡಿಯಲ್ಲಿ ಒಂದು ಭಯ ಇದೆ. 2007ರ ನಾಲ್ಕನೇ ಆಟದಲ್ಲಿ ಸಾಮಾನ್ಯ ಜನರನ್ನು ತೀರ್ಪಿಗೆ ಕೂರಿಸುವ ಪ್ರಯೋಗ ಬರುತ್ತದೆ. ಜಪಾನ್ ನಿಜವಾಗಿ ಜನಸಾಮಾನ್ಯರನ್ನು ನ್ಯಾಯಪೀಠದಲ್ಲಿ ಕೂರಿಸಿದ್ದು 2009ರಲ್ಲಿ.

ನಾನು ಆಡುವ ರೀತಿ ಹೇಳುತ್ತೇನೆ, ಸಿಕ್ಕಿಹಾಕಿಕೊಂಡು ಅರ್ಧಕ್ಕೆ ಬಿಟ್ಟವರಿಗೆ ಉಪಯೋಗ ಆಗಬಹುದು. ವಿಚಾರಣೆ ಶುರುವಾಗುವ ಮೊದಲು ದಾಖಲೆಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತೇನೆ, ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತೇನೆ. ನಡುವೆ ದಾಖಲೆಗೆ ಹೊಸ ಮಾತು ಸೇರಿತು ಅಂತ ಆಟ ಹೇಳಿದರೆ ಆಗಲೇ ಮತ್ತೆ ಓದಬೇಕು, ಯಾಕೆಂದರೆ ಮುಂದಿನ ವಿರೋಧಾಭಾಸ ಹೆಚ್ಚಾಗಿ ಆ ಹೊಸ ಸಾಲಿನಲ್ಲೇ ಇರುತ್ತದೆ. ಪಾಟೀಸವಾಲಿನ ಮೊದಲ ಸುತ್ತಿನಲ್ಲಿ ಯಾವ ದಾಖಲೆಯನ್ನೂ ಇಡುವುದಿಲ್ಲ, ಎಲ್ಲ ವಾಕ್ಯಗಳನ್ನೂ ಒತ್ತಿ ಕೇಳುತ್ತೇನೆ ಅಷ್ಟೇ. ಹಾಗೆ ಕೇಳಿದಾಗ ಕೆಲವೊಮ್ಮೆ ಹೊಸ ವಾಕ್ಯ ಸೇರುತ್ತದೆ, ಬೇಕಾದ ಸುಳ್ಳು ಅದರಲ್ಲಿರುತ್ತದೆ.

ಜೊತೆಗೆ ಒಂದು ನೋಟ್‌ಬುಕ್. ಪ್ರತಿ ವಾಕ್ಯಕ್ಕೂ ನಾಲ್ಕು ಪ್ರಶ್ನೆ ಬರೆಯುತ್ತೇನೆ: ಯಾರು, ಎಷ್ಟು ಹೊತ್ತಿಗೆ, ಎಲ್ಲಿ ನಿಂತು, ಇದು ಇವರಿಗೆ ಹೇಗೆ ಗೊತ್ತಾಯಿತು. ನಾಲ್ಕನೆಯದು ಚಿನ್ನ. ಮೊದಲ ಪ್ರಕರಣ ಪೂರ್ತಿ ನಿಂತಿರುವುದೇ ಅದರ ಮೇಲೆ, ಗಂಟೆ ಎಷ್ಟು ಅಂತ ನಿನಗೆ ಹೇಗೆ ಗೊತ್ತಾಯಿತು ಅನ್ನುವ ಪ್ರಶ್ನೆಯ ಮೇಲೆ. ಆಮೇಲಿನ ಪ್ರಕರಣಗಳಲ್ಲೂ ಎಡಗೈ ಬಲಗೈ, ಹೊತ್ತು, ಬೆಳಕು, ನಿಂತ ಜಾಗ, ಇವುಗಳಲ್ಲೇ ಹುಡುಕಿ. ಇಡೀ ಕತೆ ಹೊಳೆದುಬಿಟ್ಟಾಗ ಒಂದು ಶಿಸ್ತು ಬೇಕಾಗುತ್ತದೆ: ಹೊಳೆದದ್ದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟು, ಮತ್ತೆ ಎದುರಿಗಿರುವ ಒಂದೇ ವಾಕ್ಯಕ್ಕೆ ಬರುತ್ತೇನೆ. ಇಷ್ಟು ಮಾಡಿದ ಮೇಲೆ ನನಗೆ ದಂಡ ಬೀಳುವುದು ತುಂಬ ಕಡಿಮೆಯಾಯಿತು. ದಾಖಲೆ ಇಡುವ ಮೊದಲು ಸೇವ್ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸೋತ ಮೇಲೆ ಹಿಂದೆ ಹೋಗಿ ಓದಿದ್ದನ್ನೇ ಮತ್ತೆ ಓದುವುದರಲ್ಲಿ ಯಾವ ಕಲಿಕೆಯೂ ಇಲ್ಲ. ಆದರೆ ಎಲ್ಲ ಕಾಗದಗಳನ್ನೂ ಒಂದೊಂದಾಗಿ ಇಟ್ಟು ನೋಡುವುದಕ್ಕೆ ಸೇವ್ ಬಳಸಬೇಡಿ, ಆಗ ಉಳಿಯುವುದು ಬರೀ ಬಟನ್ ಒತ್ತುವುದು.

ಕೋರ್ಟಿನ ಹೊರಗಿನ ತನಿಖೆಯ ಭಾಗ ನನಗೆ ಅಷ್ಟು ಇಷ್ಟ ಇಲ್ಲ. ಸ್ಥಳ ಸುತ್ತಬೇಕು, ಜನರ ಜೊತೆ ಮಾತಾಡಬೇಕು, ವಸ್ತು ತೋರಿಸಬೇಕು. ಯಾರೋ ಒಬ್ಬರಿಗೆ ಯಾವುದೋ ಒಂದು ವಸ್ತು ತೋರಿಸದೆ ಕತೆ ಮುಂದಕ್ಕೆ ಹೋಗುವುದಿಲ್ಲ, ಆ ಯಾರೋ ಯಾರು ಅಂತ ಯಾವ ಸುಳಿವೂ ಇರುವುದಿಲ್ಲ. ಆಗ ತರ್ಕ ಕೆಲಸಕ್ಕೆ ಬರುವುದಿಲ್ಲ. ನಾನು ಹೋದ ಜಾಗಕ್ಕೆಲ್ಲ ಮತ್ತೆ ಹೋಗಿ, ಕೊನೆಗೆ ಸೇರಿದ ವಸ್ತುವನ್ನು ಸಿಕ್ಕವರಿಗೆಲ್ಲ ತೋರಿಸುತ್ತೇನೆ, ಹೆಚ್ಚಾಗಿ ದಾರಿ ಬಿಡುತ್ತದೆ. ಎರಡನೇ ಆಟದಲ್ಲಿ ಮನಸ್ಸಿನ ಬೀಗ ಒಡೆಯುವುದು ಅಂತ ಒಂದು ಹೊಸತು ಸೇರಿತು: ಗುಟ್ಟು ಮುಚ್ಚಿಟ್ಟವರ ಸುತ್ತ ಸರಪಳಿ, ಬೀಗ ಕಾಣುತ್ತದೆ, ಸರಿಯಾದ ದಾಖಲೆ ಇಟ್ಟು ಅದನ್ನು ಒಡೆಯಬೇಕು. ಇದರಿಂದ ತನಿಖೆಗೂ ಪಾಟೀಸವಾಲಿನ ರುಚಿ ಬಂತು, ಒಳ್ಳೆಯ ಯೋಚನೆ. ಅದೇ ಆಟದ ಸರ್ಕಸ್ ಪ್ರಕರಣ ಮಾತ್ರ ಎಳೆದು ಎಳೆದು ಸಾಕು ಮಾಡುತ್ತದೆ. ಅದನ್ನು ಹೇಗಾದರೂ ದಾಟಿ, ಯಾಕೆಂದರೆ ಅದರ ನಂತರದ ನಾಲ್ಕನೇ ಪ್ರಕರಣ ಇಡೀ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ವಕೀಲರ ಕೆಲಸ ಏನು ಅಂತ ಅದು ಕೇಳುವ ಹಾಗೆ ಬೇರೆ ಯಾವ ಆಟವೂ ಕೇಳಿದ್ದನ್ನು ನಾನು ನೋಡಿಲ್ಲ. ಅದರ ಕತೆ ನಾನು ಇಲ್ಲಿ ಹೇಳುವುದಿಲ್ಲ.

ಡಿಎಸ್‌ಗೆ ಬಂದಾಗ ಮೊದಲ ಆಟಕ್ಕೆ ಐದನೇ ಪ್ರಕರಣ ಸೇರಿಸಿದರು. ಬೆರಳಚ್ಚಿನ ಪುಡಿ ಉದುರಿಸಿ ಮೈಕಿಗೆ ಊದಬೇಕು, ಮುದ್ದೆಮಾಲನ್ನು ಬೆರಳಲ್ಲಿ ತಿರುಗಿಸಿ ಎಲ್ಲ ಕಡೆಯಿಂದ ನೋಡಬೇಕು, ವಿಡಿಯೋ ನಿಲ್ಲಿಸಿ ಸರಿಯಾದ ಜಾಗ ಗುರುತು ಮಾಡಬೇಕು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಇದು ಹೇಳಿ ಮಾಡಿಸಿದ್ದು. ತುಂಬ ಉದ್ದ, ವಿಡಿಯೋದ ಭಾಗ ಕಷ್ಟ, ಬಸ್ಸು ಕುಲುಕುವಾಗ ಆಡಲು ಹೋಗಬೇಡಿ, ಮನೆಯಲ್ಲಿ ಕೂತು ಆಡಿ. ಇನ್ನೊಂದು ಕಾಟ, ಹಳೆಯ ಡಿಎಸ್ ಆಟಗಳಲ್ಲಿ ಮೊದಲ ಸಲ ಓದುವ ಮಾತನ್ನು ಬೇಗ ಓಡಿಸಲು ಬಿಡುವುದಿಲ್ಲ. ಅಕ್ಷರ ಒಂದೊಂದೇ ಟಕಟಕ ಬರುವವರೆಗೆ ಕಾಯಬೇಕು.

2013ರ ಐದನೇ ಆಟದಲ್ಲಿ ಮುಂದೆ ಏನು ಮಾಡಬೇಕು ಅಂತ ಪಟ್ಟಿ ಕೊಟ್ಟರು, ನೋಡಿದ ವಸ್ತುವಿಗೆ ಗುರುತು ಹಾಕಿದರು. ಅಲೆದಾಟ ಕಡಿಮೆಯಾಯಿತು, ಜೊತೆಗೆ ಎಲ್ಲವನ್ನೂ ಮುಟ್ಟಿ ನೋಡುವ ಸ್ವಾತಂತ್ರ್ಯವೂ ಕಡಿಮೆಯಾಯಿತು. ನನಗೆ ಪಟ್ಟಿ ಇರುವುದೇ ಇಷ್ಟ, ಹಳಬರು ಒಪ್ಪಲಿಕ್ಕಿಲ್ಲ. ಹೊಸಬರು ಮೊದಲ ಮೂರು ಆಟಗಳು ಒಟ್ಟಿಗೆ ಸಿಗುವ ಕಂತೆಯಿಂದ ಶುರು ಮಾಡಿ, ಫೋನಿಗೂ ಇದೆ, ಕಂಪ್ಯೂಟರಿಗೂ ಇದೆ. ಬಿಡಿಬಿಡಿಯಾಗಿ, ಹಿಂದೆ ಮುಂದೆ ಆಡಬೇಡಿ, ಮೂರನೆಯದರ ಕೊನೆ ಅರ್ಥವಾಗಬೇಕಾದರೆ ಮೊದಲೆರಡೂ ಬೇಕು. ಈಗ ನಾನು ಆಡುತ್ತಿರುವುದು 2021ರಲ್ಲಿ ಇಂಗ್ಲಿಷಿಗೆ ಬಂದ, ಹಳೆಯ ಲಂಡನ್ನಿನ ಕೋರ್ಟಿನಲ್ಲಿ ನಡೆಯುವ ಕತೆ. ಅಲ್ಲಿ ಆರು ಜನ ಜೂರಿ ಇರುತ್ತಾರೆ. ಅವರು ಆರೋಪಿಯ ವಿರುದ್ಧ ತಿರುಗಿದಾಗ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಎದುರು ಇಟ್ಟು ಅವರವರೇ ಯೋಚಿಸುವ ಹಾಗೆ ಮಾಡಬೇಕು. ಇಲ್ಲಿ ದಾಖಲೆ ಬೇಡ, ಎರಡು ವಾಕ್ಯ ಸಾಕು. ನೋಟ್‌ಬುಕ್ಕಿನಲ್ಲಿ ಈಗ ಐದನೇ ಪ್ರಶ್ನೆ ಸೇರಿಸಿದ್ದೇನೆ: ಇದನ್ನು ಕೇಳಿದರೆ ಪಕ್ಕದಲ್ಲಿ ಕೂತವರು ಒಪ್ಪುತ್ತಾರಾ?