ಕೆಂಪು ಬೇಸ್, ಕಪ್ಪು ಬೇಸ್: ದುಡ್ಡಿನ ವ್ಯತ್ಯಾಸವನ್ನು ಕೈಯಿಂದ ಮುಟ್ಟಿ ನೋಡುವ ಬಗೆ

ಬೆಳಗಾವಿಯ ಶಹಾಪುರದಲ್ಲಿರುವ ನನ್ನ ಬಡಿಗತನದ ಅಂಗಡಿಯ ಗೋಡೆಗೆ ಎರಡು ಬೇಸ್ ಗಿಟಾರ್‌ಗಳನ್ನು, ಅಂದರೆ ತಗ್ಗಿನ ಸ್ವರದ, ದಪ್ಪ ತಂತಿಯ ಗಿಟಾರ್‌ಗಳನ್ನು, ತೂಗುಹಾಕಿದ್ದೇನೆ. ಕೆಂಪು ಬಣ್ಣದ್ದನ್ನು 2011ರಲ್ಲಿ 14,000 ರೂಪಾಯಿಗೆ ಕೊಂಡೆ. ಕಪ್ಪು ಬಣ್ಣದ್ದು ಅಮೆರಿಕದಲ್ಲಿ ತಯಾರಾದ ಫೆಂಡರ್ ಪ್ರಿಸಿಷನ್. ಅದಕ್ಕಾಗಿ ಹತ್ತು ವರ್ಷ ಮದುವೆ, ಜಾತ್ರೆ, ಗಣೇಶೋತ್ಸವಗಳ ರಸಮಂಜರಿಯಲ್ಲಿ ನುಡಿಸಿ ಬಂದ ಹಣವನ್ನು ಕೂಡಿಟ್ಟೆ. ಎರಡರ ಆಕಾರವೂ ಒಂದೇ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ಬಗೆಯೂ ಒಂದೇ.

ಕಳೆದ ಮಳೆಗಾಲದಲ್ಲಿ ಗೋಕಾಕದ ಕಾಲೇಜು ಹುಡುಗಿಯೊಬ್ಬಳು ತಂದೆಯ ಜೊತೆ ಬಂದು ಕೇಳಿದಳು: "ಕಾಕಾ, ಈಗ ಇಪ್ಪತ್ತೈದು ಸಾವಿರದ ಬೇಸ್ ಕೊಂಡರೆ ನಡೆಯುತ್ತದೆಯೇ, ಇಲ್ಲ ಇನ್ನೂ ನಾಲ್ಕೈದು ವರ್ಷ ಕಾದು ದೊಡ್ಡದನ್ನೇ ಕೊಳ್ಳಲೇ?" ಕಾಯಬೇಡ ಎಂದೆ. ಆದರೆ ಕೊಳ್ಳುವ ಮುನ್ನ ಏನನ್ನು ನೋಡಬೇಕು, ಕೊಂಡ ಮೇಲೆ ಏನನ್ನು ಸರಿಪಡಿಸಬೇಕು ಎಂಬುದನ್ನು ಎರಡೂ ಬೇಸ್‌ಗಳನ್ನು ಅವಳ ತೊಡೆಯ ಮೇಲಿಟ್ಟು ತೋರಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದಾಗ ಅದನ್ನು ಕಾರ್ಖಾನೆಯಲ್ಲಿ ಸುಲಭವಾಗಿ ತಯಾರಿಸುವಂತೆಯೇ ರೂಪಿಸಿದ್ದರು. ಒಡಲು ಒಂದು ಹಲಗೆ, ಬೆರಳಾಡಿಸುವ ಉದ್ದನೆಯ ಕುತ್ತಿಗೆ, ಅಂದರೆ ನೆಕ್, ಇನ್ನೊಂದು ಕಟ್ಟಿಗೆ, ಎರಡನ್ನೂ ಸೇರಿಸಲು ಸ್ಕ್ರೂಗಳು. ನೆಕ್‌ನ ತಲೆಯ ಬಳಿ ತಂತಿ ಕೂರುವ ನಟ್‌ನಿಂದ ಒಡಲ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು. ಇಂದಿಗೂ ಹೆಚ್ಚಿನ ಬೇಸ್‌ಗಳಿಗೆ ಇದೇ ಅಳತೆ. ಇಷ್ಟು ಸರಳವಾದ ವಾದ್ಯವನ್ನು ಅಗ್ಗದಲ್ಲಿ ಮಾಡುವುದು ಕಷ್ಟವಲ್ಲ. ಅದಕ್ಕಾಗಿಯೇ ದೊಡ್ಡ ಕಂಪನಿಗಳು ತಮ್ಮದೇ ವಿನ್ಯಾಸವನ್ನು ಇನ್ನೊಂದು ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುತ್ತವೆ: ಫೆಂಡರ್‌ಗೆ ಸ್ಕ್ವಯರ್, ಮ್ಯೂಸಿಕ್ ಮ್ಯಾನ್‌ಗೆ ಸ್ಟರ್ಲಿಂಗ್, ಗಿಬ್ಸನ್‌ಗೆ ಎಪಿಫೋನ್.

ಕಟ್ಟಿಗೆಯ ವಿಷಯದಲ್ಲಿ ಬಡಿಗನಾಗಿ ಒಂದು ಮಾತು ಹೇಳಲೇಬೇಕು. ದುಬಾರಿ ಬೇಸ್‌ಗಳ ಫ್ರೆಟ್ ಹಲಗೆಗೆ (ನೆಕ್‌ನ ಮೇಲೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳು ಕೂರುವ ಹಲಗೆ) ಹೆಸರಾದ ರೋಸ್‌ವುಡ್ ಎಂದರೆ ಹಲವು ಸಲ ನಮ್ಮ ಬೀಟೆ. ಅಗ್ಗದವುಗಳಲ್ಲಿ 'ಇಂಡಿಯನ್ ಲಾರೆಲ್' ಎಂದು ಬರೆದಿರುತ್ತಾರಲ್ಲ, ಅದು ನಮ್ಮ ಮತ್ತಿ. ಖಾನಾಪುರದ ಕಡೆಯವರಿಗೆ ಆ ಮರದ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಟ್ಟಿ ಮರ, ಒಳ್ಳೆಯ ಮರ. ಲಾರೆಲ್ ಎಂಬ ಹೆಸರು ನೋಡಿ ಯಾರೂ ಹಿಂಜರಿಯಬೇಕಾಗಿಲ್ಲ.

ಸದ್ದಿನ ವ್ಯತ್ಯಾಸವನ್ನು ತಿಳಿಯಲು ನಾನು ಒಂದು ಪರೀಕ್ಷೆ ಮಾಡಿದೆ. ಮೊದಲು ಕೆಂಪಿಗೆ ಹಳೆಯ ತಂತಿ, ಕಪ್ಪಿಗೆ ಹೊಸ ತಂತಿ ಇದ್ದಾಗ ನುಡಿಸಿದೆ. ಬೆನ್ನು ತಿರುಗಿಸಿ ಕುಳಿತ ನಮ್ಮ ಕೀಬೋರ್ಡ್ ವಾದಕರು ಪ್ರತಿ ಸಲವೂ ಸರಿಯಾಗಿ ಗುರುತಿಸಿದರು. ಆಮೇಲೆ ಎರಡಕ್ಕೂ ಒಂದೇ ಬಗೆಯ ಹೊಸ ತಂತಿ ಹಾಕಿ, ತಂತಿಯ ಎತ್ತರವನ್ನು ಸಮ ಮಾಡಿ, ಅದೇ ಸಾಲುಗಳನ್ನು ಮತ್ತೆ ನುಡಿಸಿದೆ. ಈ ಸಲ ಅವರು ಅರ್ಧಕ್ಕರ್ಧ ತಪ್ಪಿದರು. ಆದ್ದರಿಂದ ಅಗ್ಗದ ಬೇಸ್ ಕೊಂಡವರು ಪಿಕಪ್ ಬದಲಿಸಲು ಓಡುವ ಮೊದಲು ತಂತಿ ಬದಲಿಸಿ. ಹಳೆಯ ಹಾಡುಗಳ ದುಂಡನೆಯ ನಾದ ಬೇಕಿದ್ದರೆ ನುಣುಪಾದ ಫ್ಲ್ಯಾಟ್‌ವೂಂಡ್ ತಂತಿ, ಮಿಂಚುವ ಸದ್ದು ಬೇಕಿದ್ದರೆ ರೌಂಡ್‌ವೂಂಡ್.

ಹಾಗಾದರೆ ಲಕ್ಷ ದಾಟುವ ಬೆಲೆ ಎಲ್ಲಿಗೆ ಹೋಗುತ್ತದೆ? ಅದರ ಒಂದು ಪಾಲು ಕೊನೆಯ ಕೈಗೆಲಸಕ್ಕೆ ಹೋಗುತ್ತದೆ. ಯಂತ್ರದಿಂದ ಇಳಿದ ಮೇಲೆ ಒಬ್ಬ ಮನುಷ್ಯ ಕುಳಿತು ಉಜ್ಜುವ, ಸಮಗೊಳಿಸುವ, ಮತ್ತೆ ನೋಡುವ ಹೊತ್ತಿಗೆ. ಆ ಹೊತ್ತು ಕೆಂಪಿಗೆ ಸಿಕ್ಕಿರಲಿಲ್ಲ, ಹಾಗಾಗಿ ಅದನ್ನು ನಾನೇ ಕೊಟ್ಟೆ.

ಇದು ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಫ್ರೆಟ್ ತುದಿಗಳಲ್ಲಿ. ನಮ್ಮ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೀರಿ. ಏಪ್ರಿಲ್‌ನಲ್ಲಿ ಅದೇ ಬಾಗಿಲು ಸಡಿಲವಾಗುತ್ತದೆ. ಬೇಸ್‌ನ ನೆಕ್ ಕೂಡ ಹೀಗೆಯೇ. ಒಣ ಹವೆಯಲ್ಲಿ ಕಟ್ಟಿಗೆ ಅಡ್ಡಗಲ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ಅದರ ತುದಿ ಹೊರಗೆ ಚಾಚಿಕೊಳ್ಳುತ್ತದೆ. ಬೆಳಗಾವಿಯ ಜುಲೈ ತಿಂಗಳಿನಲ್ಲಿ ಕೊಂಡ ಕೆಂಪು ಬೇಸ್ ಆಗ ಬೆಣ್ಣೆಯಂತಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ವಿಜಯಪುರದ ಒಂದು ಮದುವೆಯಲ್ಲಿ ನಾಲ್ಕು ತಾಸು ನುಡಿಸಿದಾಗ ಎಡಗೈಯ ತೋರುಬೆರಳಿನ ಬದಿ ಕೊಯ್ದು ರಕ್ತ ಬಂತು.

ಆದ್ದರಿಂದ ಮಳೆಗಾಲದಲ್ಲಿ ಅಂಗಡಿಗೆ ಹೋದರೆ ನೆಕ್‌ನ ಎರಡೂ ಅಂಚಿಗೆ ಬೆರಳು ಸವರಿ ನೋಡಿ. ಆಗಲೇ ಚುಚ್ಚಿದರೆ ಬೇಸಿಗೆಯಲ್ಲಿ ಕೊಯ್ಯುವುದು ಖಂಡಿತ. ಇದನ್ನು ಸರಿಪಡಿಸುವ ಕೆಲಸವನ್ನು ಬೇಸಿಗೆಯಲ್ಲಿಯೇ ಮಾಡಬೇಕು, ಕಟ್ಟಿಗೆ ಪೂರ್ತಿ ಕುಗ್ಗಿರುವಾಗ. ಫ್ರೆಟ್‌ಗಳ ನಡುವಿನ ಹಲಗೆಗೆ ಕಾಗದದ ಟೇಪ್ ಅಂಟಿಸಿ. ನುಣುಪು ಹಲ್ಲಿನ ಸಣ್ಣ ಅರವನ್ನು ಅಂಚಿನುದ್ದಕ್ಕೂ ಓರೆಯಾಗಿ ಹಿಡಿದು, ಒತ್ತದೆ, ನಿಧಾನವಾಗಿ ಎಳೆಯಿರಿ. ಕೊನೆಗೆ 400ನೇ ನಂಬರಿನ ಪಾಲಿಶ್ ಪೇಪರ್ ಆಡಿಸಿ. ನನಗೆ ಎರಡು ಸಂಜೆ ಹಿಡಿಯಿತು. ಅಂದಿನಿಂದ ಕೆಂಪಿನ ಅಂಚು ಕಪ್ಪಿನ ಅಂಚಿಗೆ ಏನೂ ಕಡಿಮೆಯಿಲ್ಲ.

ಎರಡನೆಯದು ನೆಕ್‌ನ ಬಾಗು. ಹಲಗೆಯ ನೇರವನ್ನು ನಾವು ಒಂದು ಕಣ್ಣು ಮುಚ್ಚಿ ನೋಡುವಂತೆ, ತಲೆಯ ಕಡೆಯಿಂದ ಬ್ರಿಡ್ಜ್‌ನತ್ತ ನೋಡಿ. ಮುಂದಕ್ಕೆ ತುಸು ಬಾಗಿದ್ದರೆ ಚಿಂತೆಯಿಲ್ಲ. ಆದರೆ ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ಎಂಬಂತೆ ತಿರುಚಿಕೊಂಡಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ತಿರುಚಿದ ಕಟ್ಟಿಗೆಯನ್ನು ನಾನೂ ಸರಿಮಾಡಲಾರೆ.

ಬಾಗನ್ನು ಅಳೆಯಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ನೆಕ್ ಒಡಲಿಗೆ ಸೇರುವ ಕಡೆಯೂ ಒಟ್ಟಿಗೆ ಒತ್ತಿ. ಏಳು, ಎಂಟನೇ ಫ್ರೆಟ್‌ನ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಹೆಚ್ಚಿದ್ದರೆ ನೆಕ್‌ನೊಳಗೆ ಬಾಗನ್ನು ಹತೋಟಿಯಲ್ಲಿಡುವ ಲೋಹದ ಸರಳಾದ ಟ್ರಸ್ ರಾಡನ್ನು ಅಲೆನ್ ಕೀಯಿಂದ ಗಡಿಯಾರದ ದಿಕ್ಕಿಗೆ ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಪ್ರತಿ ಸಲ ಶ್ರುತಿ ಮಾಡಿ ಮತ್ತೆ ಅಳೆಯಿರಿ. ಸರಿಯಾದ ಅಳತೆಯ ಕೀ ಇಲ್ಲದಿದ್ದರೆ ಕೈ ಹಾಕಲೇಬೇಡಿ, ರಾಡಿನ ಬಾಯಿ ಸವೆದರೆ ನೆಕ್ ಹೋದಂತೆಯೇ. ಬಳಸಿದ ಬೇಸ್ ಕೊಳ್ಳುವವರು ರಾಡ್ ತಿರುಗುತ್ತದೆಯೇ ಎಂದು ಮಾರುವವರ ಎದುರಿಗೇ ನೋಡಬೇಕು.

ಇಲ್ಲಿ ದುಬಾರಿಯದರ ಗುಣ ನಿಜವಾಗಿ ಕಾಣುತ್ತದೆ. ಕಪ್ಪಿನ ರಾಡನ್ನು ನಾನು ವರ್ಷಕ್ಕೊಮ್ಮೆ ಮುಟ್ಟುತ್ತೇನೆ, ಕೆಂಪಿನದನ್ನು ಮೂರು ಸಲ.

ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳ ಆಳ ಕಡಿಮೆಯಿದ್ದರೆ ಮೊದಲ ಫ್ರೆಟ್ ಒತ್ತುವುದೇ ಕಷ್ಟ, ಸ್ವರವೂ ಏರುತ್ತದೆ. ಮೂರನೇ ಫ್ರೆಟ್ ಒತ್ತಿ ಮೊದಲನೆಯದರ ಮೇಲೆ ನೋಡಿ: ತಂತಿ ತಾಗಿಯೂ ತಾಗದಂತಿರಬೇಕು. ಇದನ್ನು ಕೊರೆಯುವುದು ಕೈಪಳಗಿದವರ ಕೆಲಸ, ಹೆಚ್ಚು ಕೊರೆದರೆ ಹೊಸ ನಟ್ಟೇ ಬೇಕು.

ವೈರಿಂಗ್ ಬಗ್ಗೆ ನನಗೆ ನೋವಿನ ಅನುಭವವಿದೆ. ಬಾದಾಮಿಯ ಬನಶಂಕರಿ ಜಾತ್ರೆಯ ಸಮಯದ ಒಂದು ಕಾರ್ಯಕ್ರಮದಲ್ಲಿ, ಹಾಡಿನ ನಟ್ಟನಡುವೆ ಕೆಂಪಿನ ಜಾಕ್ (ಕೇಬಲ್ ಸಿಕ್ಕಿಸುವ ತೂತು) ಸಡಿಲಗೊಂಡು ಸದ್ದೇ ನಿಂತಿತು. ಕೆಲವು ನೂರು ರೂಪಾಯಿಯ ಒಳ್ಳೆಯ ಜಾಕ್ ಹಾಕಿಸಿದ ಮೇಲೆ ಇಂದಿನವರೆಗೂ ತೊಂದರೆಯಿಲ್ಲ. ಒಳಗಿನ ಪೊಳ್ಳಿಗೆ ತಾಮ್ರದ ಟೇಪ್ ಅಂಟಿಸಿ ಅದನ್ನು ಗ್ರೌಂಡ್‌ಗೆ ಬೆಸೆದರೆ ಜನರೇಟರ್, ಸೀರಿಯಲ್ ಲೈಟುಗಳ ಗೊಯ್ ಎನ್ನುವ ಸದ್ದು ಬಹಳ ಇಳಿಯುತ್ತದೆ. ಪ್ರಿಸಿಷನ್ ಬಗೆಯ ಎರಡು ತುಂಡಿನ ಪಿಕಪ್ 1957ರಿಂದಲೇ ಈ ಗುಂಯ್‌ಗುಡುವಿಕೆಯನ್ನು ತಾನೇ ಅಳಿಸುವಂತೆ ಇದೆ. ಎರಡು ಪಿಕಪ್‌ಗಳಿರುವ ಜಾಝ್ ಬಗೆಯ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಇಟ್ಟಾಗ ಅಳಿಯುತ್ತದೆ, ಒಂದನ್ನು ಇಳಿಸಿದ ಕೂಡಲೇ ಮರಳುತ್ತದೆ. ಜಾತ್ರೆಗಳಲ್ಲಿ ನುಡಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೊಂದು ಸಂಗತಿ, ದುಡ್ಡಿನಿಂದ ತಪ್ಪಿಸಿಕೊಳ್ಳಲಾಗದ್ದು. ಅತಿ ಸಣ್ಣ ತಂತಿಯ ಐದರಿಂದ ಏಳನೇ ಫ್ರೆಟ್‌ನ ಆಸುಪಾಸಿನಲ್ಲಿ ಕೆಲವು ಸ್ವರಗಳು ಬೇಗ ಸಾಯುತ್ತವೆ. ಈ ವಿನ್ಯಾಸದ ದುಬಾರಿ ಬೇಸ್‌ಗಳಲ್ಲಿಯೂ ಇದು ಸಾಮಾನ್ಯ, ನನ್ನ ಕಪ್ಪಿನಲ್ಲಿ ಆರನೇ ಫ್ರೆಟ್ ಹಾಗೆಯೇ ಇದೆ. ಅಂಗಡಿಯಲ್ಲಿ ಒಂದೊಂದೇ ಫ್ರೆಟ್ ಮೀಟಿ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಿ. ಒಂದೇ ಮಾದರಿಯ ಮೂರು ಬೇಸ್‌ಗಳಿದ್ದರೆ ಮೂರನ್ನೂ ಎಣಿಸಿ, ಅವುಗಳಲ್ಲಿ ಒಂದು ಉಳಿದೆರಡಕ್ಕಿಂತ ಚೆನ್ನಾಗಿರುತ್ತದೆ.

ಕೈಯಲ್ಲಿ ಮೂವತ್ತು ಸಾವಿರವಿದ್ದರೆ ಬೇಸ್‌ಗೆ ಇಪ್ಪತ್ತೈದರ ಒಳಗೆ ಕೊಡಿ. ಉಳಿದದ್ದು ತಂತಿ, ಜಾಕ್, ಹೆಗಲಿಗೆ ಹಾಕುವ ಅಗಲವಾದ ಪಟ್ಟಿ ಮತ್ತು ಸರಿಪಡಿಸುವವರ ಕೂಲಿಗೆ. ದಪ್ಪ ತಂತಿಯ ಸ್ವರ ಸೆಕೆಂಡಿಗೆ 41 ಸಲ ಮಾತ್ರ ಕಂಪಿಸುತ್ತದೆ. ಆರಿಂಚಿನ ಸ್ಪೀಕರಿನಲ್ಲಿ ಅದರ ಬುಡ ಕೇಳಿಸುವುದಿಲ್ಲ, ಆಗ ಎರಡು ಲಕ್ಷದ ಬೇಸ್ ಕೂಡ ಬಡಕಲಾಗಿಯೇ ನುಡಿಯುತ್ತದೆ. ಮುಂದೆ ಹಣ ಬಂದರೆ ಮೊದಲು ಆಂಪ್‌ಗೆ, ಅಂದರೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್‌ಗೆ, ಹಾಕಿ, ಆಮೇಲೆ ದೊಡ್ಡ ಬೇಸ್‌ನ ಯೋಚನೆ. ತಿಂಗಳಿಗೆ ಎಂಟು ಹತ್ತು ರಾತ್ರಿ ನುಡಿಸುವವರಿಗೆ, ವಾದ್ಯವನ್ನು ಸರಿಪಡಿಸುತ್ತ ಕೂರದೆ ವೇದಿಕೆಗೆ ಏರುವ ನೆಮ್ಮದಿ ಬೇಕಾದವರಿಗೆ ದೊಡ್ಡ ಬೇಸ್ ಖಂಡಿತ ತಕ್ಕದ್ದು.

ಗೋಕಾಕದ ಹುಡುಗಿ 22,000ದ ಬೇಸ್ ಕೊಂಡಳು. ಬಾಗು, ನಟ್, ತಂತಿಯ ಎತ್ತರ ಮೂರನ್ನೂ ನನ್ನ ಅಂಗಡಿಯಲ್ಲಿಯೇ ಸರಿಮಾಡಿದೆವು, ರಾಡಿನ ಕೊನೆಯ ಕಾಲು ಸುತ್ತನ್ನು ಅವಳೇ ತಿರುಗಿಸಿದಳು. ಫ್ರೆಟ್ ತುದಿಗಳನ್ನು ಮಾತ್ರ ಬಿಟ್ಟಿದ್ದೇವೆ. ಏಪ್ರಿಲ್‌ನಲ್ಲಿ ಮತ್ತೆ ತರಲು ಹೇಳಿದ್ದೇನೆ.