ಕೈ ಕಟ್ಟು ಬಿಚ್ಚಿದ್ಮೇಲೆ ಶಕ್ತಿ ವಾಪಸ್ ತರೋದು ಹೆಂಗೆ: ತೀರ್ಥದಿಂದ ಮುದ್ದೆ ಕೋಲಿನವರೆಗೆ

ನಮ್ಮವ್ವ ಹೋದ ಮಳೆಗಾಲದಲ್ಲಿ ಹಿತ್ತಲ ಪಾಚಿ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರ್ಕೊಂಡ್ಳು, ಆರು ವಾರ ಕಟ್ಟು, ಬಿಚ್ಚಿದ ದಿನ ನೋಡಿದ್ರೆ ಕೈ ಸಣಕಲು, ಬೆರಳು ಊತ, ಕಾಫಿ ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ. "ಕೈಗೆ ಜೀವಾನೇ ಇಲ್ಲ ಕಣಪ್ಪ" ಅಂತ ಕೂತ್ಬಿಟ್ಳು. ಬಂದೋರೆಲ್ಲ ಹೇಳಿದ್ದು ಎರಡೇ, ಒಂದು ಎಣ್ಣೆ ಹಾಕಿ ಜೋರಾಗಿ ನೀವಿಸು, ಇನ್ನೊಂದು ರಬ್ಬರ್ ಬಾಲ್ ಒತ್ತು. ಎರಡೂ ಮೊದಲು ಮಾಡೋ ಕೆಲಸ ಅಲ್ಲ. ಬೇರೆಯೋರು ಕೈ ಹಿಡಿದು ಎಳೆದು ನೀವಿದ್ರೆ ಊತ ನೋವು ಜಾಸ್ತಿ ಆಗುತ್ತೆ. ಬಾಲ್ ಒತ್ತೋದು ಆಮೇಲಿನ ಮಾತು, ಮಣಿಕಟ್ಟೇ ಬಗ್ಗದೆ ಇರೋವಾಗ ಬಾಲ್ ಒತ್ತಿ ಏನುಪಯೋಗ ಹೇಳಿ.

ಇದು ಯಾಕೆ ಅಂದ್ರೆ, ಬೆರಳು ಮಡಚೋ ದೊಡ್ಡ ಸ್ನಾಯುಗಳು ಬೆರಳಲ್ಲಿ ಇಲ್ಲ, ಮೊಣಕೈ ಕೆಳಗೆ ಮುಂಗೈಯಲ್ಲಿವೆ, ಅಲ್ಲಿಂದ ಹಗ್ಗದ ಥರ ಟೆಂಡನ್‌ಗಳು ಮಣಿಕಟ್ಟು ದಾಟಿ ಬೆರಳಿಗೆ ಬರ್ತವೆ. ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿದ್ರೇನೇ ಮುಷ್ಟಿ ಬಿಗಿ. ಮುಂದಕ್ಕೆ ಬಗ್ಗಿಸಿ ಮುಷ್ಟಿ ಹಿಡಿದು ನೋಡಿ, ಚೆನ್ನಾಗಿರೋ ಕೈಗೂ ಹಿಡಿತ ಸಿಗಲ್ಲ.

ಹಂಗಾಗಿ ಮೊದಲು ಅಲುಗಾಟ. ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೈ ಇಟ್ಟು (ಊತ ಜಾಸ್ತಿ ಇರೋ ದಿನ ಬಿಸಿ ಬೇಡ, ದಿಂಬಿನ ಮೇಲೆ ಕೈನ ಎದೆಗಿಂತ ಎತ್ತರಕ್ಕೆ ಇಡಿ) ಆಮೇಲೆ ಬೆರಳು ನೆಟ್ಟಗೆ ಮಾಡಿ, ಬರೀ ತುದಿ ಎರಡು ಗೆಣ್ಣು ಮಡಚಿ ಕೊಕ್ಕೆ ಥರ, ಮತ್ತೆ ನೆಟ್ಟಗೆ, ಆಮೇಲೆ ಪೂರ್ತಿ ಮುಷ್ಟಿ. ಹೆಬ್ಬೆರಳನ್ನ ಒಂದೊಂದು ಬೆರಳ ತುದಿಗೂ ಮುಟ್ಟಿಸೋದು. ಹತ್ತತ್ತು ಸಲ, ದಿನಕ್ಕೆ ನಾಲ್ಕೈದು ಹೊತ್ತು. ಒಂದೇ ಸಲ ಗಂಟೆಗಟ್ಲೆ ಮಾಡಿ ಸುಸ್ತಾಗಿ ಬಿಡೋದಕ್ಕಿಂತ ಇದೇ ಸರಿ. ಮಣಿಕಟ್ಟಿಗೆ ನಮಸ್ಕಾರ: ಎದೆ ಮುಂದೆ ಎರಡೂ ಅಂಗೈ ಜೋಡಿಸಿ, ಅಂಗೈ ಬಿಡದಂಗೆ ನಿಧಾನಕ್ಕೆ ಕೈ ಕೆಳಗೆ ಇಳಿಸಿ, ಎಳೆತ ಸಿಕ್ಕಿದ ಕಡೆ ಹದಿನೈದು ಸೆಕೆಂಡ್ ನಿಲ್ಲಿಸಿ.

ತುಂಬಾ ಜನ ಮರೆಯೋದು ಕೈ ಮಗುಚೋದನ್ನ. ದೇವಸ್ಥಾನದಲ್ಲಿ ತೀರ್ಥ ತಗೊಳ್ಳೋಕೆ ಅಂಗೈ ಮೇಲೆ ಮಾಡ್ತೀವಲ್ಲ ಅದು, ನಮ್ಮವ್ವಂಗೆ ಎಷ್ಟೋ ವಾರ ಆಗ್ಲಿಲ್ಲ, ಭುಜ ತಿರುಗಿಸಿ ಮೋಸ ಮಾಡ್ತಿದ್ಳು. ಮೊಣಕೈ ಪಕ್ಕೆಗೆ ಅಂಟಿಸಿ ಮಾಡಿಸಿ, ಆಗ ಮೋಸ ಆಗಲ್ಲ. ಸುಲಭ ಆದ್ಮೇಲೆ ಕೈಗೊಂದು ಮರದ ಸೌಟು ಕೊಡಿ, ಅದೇ ಆಟ, ಹಿಡಿ ತುದೀಲಿ ಹಿಡಿದಷ್ಟೂ ಭಾರ ಜಾಸ್ತಿ.

ಭುಜ ಬಿಡಬೇಡಿ. ಆರು ವಾರ ಕೈನ ಜೋಳಿಗೇಲಿ ತೂಗುಹಾಕ್ಕೊಂಡು ಭುಜಾನೂ ಹಿಡ್ಕೊಂಡಿರುತ್ತೆ. ಗೋಡೆ ಮುಂದೆ ನಿಂತು ಬೆರಳಲ್ಲಿ ಇರುವೆ ಹತ್ತೋ ಥರ ಮೇಲಕ್ಕೆ ಹೋಗಿ, ಎಲ್ಲಿಗೆ ಮುಟ್ಟಿತೋ ಅಲ್ಲಿ ಸೀಮೆಸುಣ್ಣದ ಗೆರೆ. ಗೆರೆ ದಿನಾ ಮೇಲೆ ಹೋಗೋದು ನೋಡ್ತಿದ್ರೆ ಮನಸ್ಸಿಗೂ ಧೈರ್ಯ. ಬೆನ್ನ ರೆಕ್ಕೆ ಎರಡನ್ನೂ ಹಿಂದಕ್ಕೆ ಒತ್ತಿ ಐದು ಸೆಕೆಂಡ್, ಹತ್ತು ಸಲ.

ಭಾರ, ಒತ್ತೋದು, ಹಿಂಡೋದು ಇವೆಲ್ಲ ಡಾಕ್ಟ್ರು ಎಕ್ಸ್‌ರೇ ನೋಡಿ ಮೂಳೆ ಕೂಡಿದೆ ಅಂದ್ಮೇಲೇನೇ. ಪ್ಲೇಟ್ ಹಾಕಿದ್ರೆ ಅವರು ಹೇಳಿದ ಲೆಕ್ಕಾನೇ ಲೆಕ್ಕ. ಆವಾಗ ಸ್ಪಂಜ್‌ನಿಂದ ಶುರು ಮಾಡಿ, ಆಮೇಲೆ ಸುತ್ತಿದ ಟವಲ್, ಆಮೇಲೆ ಚಪಾತಿ ಹಿಟ್ಟು ಮೆತ್ತಗೆ ಕಲಸಿ ಅದನ್ನ ಹಿಸುಕೋದು. ಒತ್ತಿದಷ್ಟೇ ಬಿಚ್ಚೋದೂ ಬೇಕು, ಐದೂ ಬೆರಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸಿ. ರೊಟ್ಟಿ ತಟ್ಟೋದೂ ಅಂಗೈ ಅಗಲಿಸೋ ಕೆಲಸಾನೇ. ಅರ್ಧ ಲೀಟರ್ ನೀರಿನ ಬಾಟ್ಲಿ ಅಂದ್ರೆ ಅರ್ಧ ಕೆಜಿ, ಅದರಲ್ಲಿ ಅರ್ಧಕ್ಕೆ ನೀರು ತುಂಬಿ ಮಣಿಕಟ್ಟು ಮೇಲೆ ಕೆಳಗೆ ಮಾಡಿ, ವಾರಕ್ಕೊಂದಿಷ್ಟು ನೀರು ಜಾಸ್ತಿ ಮಾಡ್ಕೊಳ್ಳಿ.

ನಮಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದ್ದು ಅವರೆಕಾಯಿ. ಸೊಗಡವರೆ ಸೀಸನ್ ಆಗಿತ್ತು, ಮೊದಲು ಸುಲಿಯೋದು, ಆಮೇಲೆ ನೆನೆಸಿದ ಕಾಳನ್ನ ಹೆಬ್ಬೆರಳು ತೋರುಬೆರಳ ಮಧ್ಯ ಹಿಡಿದು ಹಿಚುಕಿದ್ರೆ ಬೇಳೆ ಪುಳಕ್ ಅಂತ ಆಚೆ ಬರುತ್ತಲ್ಲ, ಅದಕ್ಕಿಂತ ಒಳ್ಳೆ ಚಿವುಟು ಹಿಡಿತದ ವ್ಯಾಯಾಮ ನಾನು ಕಾಣೆ. ಮೊದಲ ದಿನ ಅವ್ವ ಇಪ್ಪತ್ತು ಕಾಳಿಗೆ ಸುಸ್ತು, ತಿಂಗಳಲ್ಲಿ ಮನೆ ಮಂದಿಗೆಲ್ಲ ಹಿತಕಿದ ಬೇಳೆ ಸಾರು. ಸೀಸನ್ ಇಲ್ದಿದ್ರೆ ಬಾಳೆನಾರಲ್ಲಿ ಮೈಸೂರು ಮಲ್ಲಿಗೆ ಕಟ್ಟಲಿ, ಬೆರಳಿಗೆ ಅದೂ ಅಷ್ಟೇ ಕೆಲಸ ಕೊಡುತ್ತೆ.

ನೋವಿನ ಲೆಕ್ಕ: ಮಾಡುವಾಗ ಎಳೆತ, ಸಣ್ಣ ನೋವು ಇದ್ದೇ ಇರುತ್ತೆ, ಒಂದೆರಡು ಗಂಟೇಲಿ ಇಳೀಬೇಕು. ರಾತ್ರಿವರೆಗೂ ಉಳಿದ್ರೆ ನಾಳೆ ಅರ್ಧ ಮಾಡಿ. ಆದ್ರೆ ಕೈ ಉರಿ, ಚರ್ಮ ಮಿಂಚೋದು, ಬಣ್ಣ ಬದಲಾಗೋದು, ಮುಟ್ಟಿದ್ರೂ ತಡೆಯಕ್ಕಾಗದ ನೋವು, ಹೆಬ್ಬೆರಳು ತೋರುಬೆರಳು ಮಧ್ಯದ ಬೆರಳಲ್ಲಿ ಜೋಮು, ಇಲ್ಲಾ ಇದ್ದಕ್ಕಿದ್ದಂಗೆ ಹೆಬ್ಬೆರಳು ಮೇಲೆತ್ತಕ್ಕೇ ಆಗ್ತಿಲ್ಲ ಅಂದ್ರೆ ವ್ಯಾಯಾಮ ನಿಲ್ಲಿಸಿ ಡಾಕ್ಟ್ರ ಹತ್ರ ಹೋಗಿ, ತಡ ಮಾಡ್ಬೇಡಿ. ಹೆಬ್ಬೆರಳ ಟೆಂಡನ್ ಮಣಿಕಟ್ಟು ಮುರಿದ ಎಷ್ಟೋ ವಾರ ಆದ್ಮೇಲೂ ಕಿತ್ತು ಹೋಗೋದುಂಟು. ಐವತ್ತು ದಾಟಿದ ಹೆಂಗಸ್ರು ನಿಂತಲ್ಲೇ ಬಿದ್ದು ಮಣಿಕಟ್ಟು ಮುರ್ಕೊಂಡಿದ್ರೆ ಮೂಳೆ ಸವೆತದ ಟೆಸ್ಟ್ ಬೇಕಾ ಅಂತಾನೂ ಕೇಳಿ, ಇದನ್ನ ಯಾರೂ ಕೇಳೋದೇ ಇಲ್ಲ.

ಬಟ್ಟೆ ಹಿಂಡೋದು, ತುಂಬಿದ ಕೊಡ ಎತ್ತೋದು, ಮುದ್ದೆ ತಿರುವೋದು ಎಲ್ಲಕ್ಕಿಂತ ಕೊನೆಗೆ. ಪೂರ್ತಿ ಶಕ್ತಿ ಬರೋಕೆ ಆರು ತಿಂಗಳು, ಕೆಲವರಿಗೆ ವರ್ಷ. ಅವ್ವ ಕಟ್ಟು ಬಿಚ್ಚಿದ ನಾಲ್ಕನೇ ತಿಂಗಳಲ್ಲಿ ಕೋಲು ಹಿಡಿದ್ಳು, ಎರಡೇ ಮುದ್ದೆಯಷ್ಟು ಹಿಟ್ಟು, ಎರಡೂ ಕೈಲಿ ತಿರುವಿದ್ಳು, ಪಾತ್ರೆ ಅಲ್ಲಾಡದಂಗೆ ಕವೆಗೋಲಲ್ಲಿ ನಾನು ಅದುಮಿ ಹಿಡ್ಕೊಂಡಿದ್ದೆ.